ಫ್ಯಾಕ್ಟರಿಯ ಗೇಟು ಸಾಕು, ಒಳಗಿನ ಕೆಲಸ ತೋರಿಸಿ

ಪ್ರಶ್ನೆ: ವಿಜ್ಞಾನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಈ ವರ್ಷದಿಂದ ವೃತ್ತಿ ಮಾರ್ಗದರ್ಶನದ ಹೊಣೆಯೂ ನನ್ನ ಹೆಗಲಿಗೆ ಬಿದ್ದಿದೆ. ನಮ್ಮ ಮಕ್ಕಳಿಗೆ ಗೊತ್ತಿರುವ ದಾರಿ ಎರಡೇ: ಮೇಷ್ಟ್ರಾಗುವುದು, ಇಲ್ಲವೇ ಪಿಎಚ್‌ಡಿ. ವರ್ಷಕ್ಕೊಮ್ಮೆ ಫ್ಯಾಕ್ಟರಿಗೆ ಕರೆದುಕೊಂಡು ಹೋಗುತ್ತೇವೆ, ದೊಡ್ಡ ಅಧಿಕಾರಿಯೊಬ್ಬರನ್ನು ಕರೆಸಿ ಭಾಷಣ ಮಾಡಿಸುತ್ತೇವೆ. ಇದರಿಂದ ಯಾರಿಗೂ ಏನೂ ದಕ್ಕಿದ ಹಾಗಿಲ್ಲ. ವಿಭಾಗ ಚಿಕ್ಕದು, ಹಣವಿಲ್ಲ, ಉದ್ಯಮದಲ್ಲಿ ಪರಿಚಯದವರಿಲ್ಲ, ನನಗೂ ಅಲ್ಲಿ ಕೆಲಸ ಮಾಡಿ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ? ಪಿಎಚ್‌ಡಿ ಇಲ್ಲದವರಿಗೆ ಅಲ್ಲಿ ಬೆಲೆ ಇದೆಯೇ ಎಂದು ಕೇಳುವ ಮಕ್ಕಳಿಗೆ ಏನು ಹೇಳಲಿ?

ಉತ್ತರ: ಮೇಡಂ, ಭಾಷಣವನ್ನು ಈ ವರ್ಷ ನಿಲ್ಲಿಸಿಬಿಡಿ. ಇಪ್ಪತ್ತೈದು ವರ್ಷ ಹಿರಿಯರಾದ ನಿರ್ದೇಶಕರಿಗೆ ಮೊದಲ ನೌಕರಿ ಹೇಗೆ ಸಿಗುತ್ತದೆ ಎನ್ನುವುದು ಮರೆತುಹೋಗಿರುತ್ತದೆ. ಅವರು ಹೇಳುವುದು ‘ಕನಸು ಕಾಣಿ, ಕಷ್ಟಪಡಿ’ ಎಂಬಷ್ಟೇ. ಮಕ್ಕಳು ಚಪ್ಪಾಳೆ ತಟ್ಟಿ, ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ.

ಫ್ಯಾಕ್ಟರಿ ಭೇಟಿಯನ್ನು ಪೂರ್ತಿ ಬಿಡಬೇಕಿಲ್ಲ, ಅದರ ರೂಪ ಬದಲಾಗಬೇಕು. ಈಗ ಏನಾಗುತ್ತದೆ? ಹೆಲ್ಮೆಟ್ ಹಾಕಿಕೊಂಡ ನಲವತ್ತು ಮಂದಿ ಸಾಲಾಗಿ ನಡೆಯುತ್ತಾರೆ, ದೊಡ್ಡ ಟ್ಯಾಂಕು, ಪೈಪು ನೋಡುತ್ತಾರೆ, ಯಂತ್ರದ ಸದ್ದಿನಲ್ಲಿ ವಿವರಣೆ ಅರ್ಧ ಕೇಳಿಸುವುದಿಲ್ಲ. ಟ್ಯಾಂಕು ನೋಡಿದ ಹುಡುಗಿಗೆ ‘ಇಲ್ಲಿ ನನಗೇನು ಕೆಲಸ?’ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಮುಂದಿನ ಸಲ ಹತ್ತೇ ಮಂದಿಯನ್ನು ಕರೆದುಕೊಂಡು ಹೋಗಿ. ಪ್ಲಾಂಟ್ ತೋರಿಸಿ ಎನ್ನಬೇಡಿ. ಗುಣಮಟ್ಟ ಪರೀಕ್ಷಿಸುವ ಲ್ಯಾಬಿನಲ್ಲಿ ಒಂದು ಗಂಟೆ ಕೊಡಿ ಎಂದು ಕೇಳಿ. ಮಕ್ಕಳಿಗೆ ಒಂದೇ ಕೆಲಸ ಒಪ್ಪಿಸಿ: ಬೆಳಿಗ್ಗೆ ಒಂದು ಸ್ಯಾಂಪಲ್ ಒಳಗೆ ಬಂತು, ಸಂಜೆ ಅದರ ವರದಿಯ ಮೇಲೆ ಸಹಿ ಬಿತ್ತು. ಈ ನಡುವೆ ಅದು ಯಾರ ಯಾರ ಕೈ ದಾಟಿತು, ಪ್ರತಿಯೊಬ್ಬರೂ ಏನು ಮಾಡಿದರು, ಎಲ್ಲಿ ಬರೆದಿಟ್ಟರು, ಫಲಿತಾಂಶ ಸರಿಯಿಲ್ಲದಿದ್ದರೆ ಯಾರಿಗೆ ಹೇಳುತ್ತಾರೆ? ಆ ಒಂದು ಗಂಟೆಯಲ್ಲಿ ಅವರು ಕನಿಷ್ಠ ಐದಾರು ನೌಕರಿಗಳನ್ನು ಕಣ್ಣಾರೆ ನೋಡಿರುತ್ತಾರೆ.

ನಿಮ್ಮ ಮಕ್ಕಳಿಗೆ ವಿಜ್ಞಾನ ಗೊತ್ತು, ಕಂಪನಿಗಳ ಹೆಸರೂ ಗೊತ್ತು. ಕೆಲಸಗಳ ಹೆಸರು ಮಾತ್ರ ಗೊತ್ತಿಲ್ಲ. ಹೆಸರೇ ಗೊತ್ತಿಲ್ಲದ ಕೆಲಸವನ್ನು ಯಾರೂ ಹುಡುಕಲಾರರು. ಹಾಗಾಗಿ ಮೊದಲು ಈ ಪರಿಚಯ ಆಗಲಿ, ಅದಕ್ಕೆ ದುಡ್ಡೂ ಬೇಡ. ತರಗತಿಯಲ್ಲಿ ಒಂದು ಮಾತ್ರೆಯನ್ನು ಮೇಜಿನ ಮೇಲಿಟ್ಟು ಇದನ್ನು ಯಾರ್‍ಯಾರು ಮುಟ್ಟಿದ್ದಾರೆ ಎಂದು ಕೇಳಿ.

ಅಣುವನ್ನು ಮೊದಲು ತಯಾರಿಸಿದ ಸಂಶೋಧಕರ ಹೆಸರನ್ನು ಎಲ್ಲರೂ ಹೇಳುತ್ತಾರೆ. ಅವರ ನಂತರ ಬರುವವರು ಪ್ರಕ್ರಿಯೆ ರೂಪಿಸುವವರು. ನೂರು ಮಿಲಿಲೀಟರ್ ಫ್ಲಾಸ್ಕಿನಲ್ಲಿ ಚೆಂದವಾಗಿ ನಡೆದ ಕ್ರಿಯೆಯನ್ನು ಸಾವಿರ ಲೀಟರಿನ ರಿಯಾಕ್ಟರಿಗೆ ಒಯ್ಯುವುದು ಇವರ ಕೆಲಸ. ಗಾತ್ರ ಹತ್ತು ಸಾವಿರ ಪಟ್ಟು ಹೆಚ್ಚಿತು, ಆದರೆ ಆಕಾರ ಅದೇ ಇದ್ದರೆ ಪ್ರತಿ ಲೀಟರಿಗೆ ಸಿಗುವ ಹೊರಮೈ ಸುಮಾರು 21 ಪಟ್ಟು ಕುಗ್ಗುತ್ತದೆ. ಶಾಖ ಹುಟ್ಟುವುದು ಇಡೀ ದ್ರವದಲ್ಲಿ, ಹೊರಹೋಗುವುದು ಹೊರಮೈಯಿಂದ. ಫ್ಲಾಸ್ಕಿನಲ್ಲಿ ಕೈಗೆ ಬೆಚ್ಚಗೆ ತಾಕುತ್ತಿದ್ದ ಕ್ರಿಯೆ ರಿಯಾಕ್ಟರಿನಲ್ಲಿ ಹತೋಟಿ ತಪ್ಪಿ ಸ್ಫೋಟಿಸಬಹುದು. ಅದಕ್ಕೇ ಒಂದು ರಾಸಾಯನಿಕವನ್ನು ಒಮ್ಮೆಗೇ ಸುರಿಯದೆ ಗಂಟೆಗಟ್ಟಲೆ ನಿಧಾನವಾಗಿ ಬಿಡುತ್ತಾರೆ. ಇದರ ಭೌತಶಾಸ್ತ್ರ ನಿಮ್ಮ ಪದವಿಯ ಮಕ್ಕಳಿಗೆ ಗೊತ್ತಿರುವುದೇ. ಇದನ್ನೇ ಲೆಕ್ಕ ಹಾಕುವುದಕ್ಕೆ ಸಂಬಳ ಕೊಡುತ್ತಾರೆ ಎನ್ನುವುದು ಗೊತ್ತಿಲ್ಲ.

ಅಮೋನಿಯಾದ ಕಥೆ ಪಠ್ಯದಲ್ಲಿ ಹೇಗೂ ಇದೆ, ಅದನ್ನೇ ಈ ಕಡೆಯಿಂದ ಹೇಳಿ. 1909ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಫ್ರಿಟ್ಸ್ ಹೇಬರ್ ಮೇಜಿನ ಮೇಲಿನ ಉಪಕರಣದಲ್ಲಿ ಅಮೋನಿಯಾ ತೊಟ್ಟಿಕ್ಕಿಸಿ ತೋರಿಸಿದರು. ಅದು ಕಾರ್ಖಾನೆಯಾಗಿ ಜರ್ಮನಿಯ ಓಪ್ಪೌನಲ್ಲಿ ಚಾಲೂ ಆದದ್ದು 1913ರಲ್ಲಿ. ನಡುವಿನ ವರ್ಷಗಳಲ್ಲಿ ಬಿಎಎಸ್‌ಎಫ್ ಕಂಪನಿಯ ಆಲ್ವಿನ್ ಮಿಟ್ಟಾಷ್ ಅವರ ತಂಡ ಸಾವಿರಾರು ವೇಗವರ್ಧಕಗಳನ್ನು ಒಂದೊಂದಾಗಿ ಪರೀಕ್ಷಿಸಿತು. ಅದೇ ಕಂಪನಿಯ ಕಾರ್ಲ್ ಬಾಷ್ ಎದುರಿಸಿದ ತೊಡಕು ಬೇರೆಯದೇ. ಅಷ್ಟು ಒತ್ತಡದಲ್ಲಿ ಹೈಡ್ರೋಜನ್ ಉಕ್ಕಿನೊಳಗೆ ನುಗ್ಗಿ ಅಲ್ಲಿನ ಇಂಗಾಲವನ್ನು ಕಿತ್ತುಕೊಳ್ಳುತ್ತಿತ್ತು, ಕೊಳವೆಗಳು ಪೆಡಸಾಗಿ ಬಿರಿಯುತ್ತಿದ್ದವು. ಒಳಗೆ ಇಂಗಾಲ ಕಡಿಮೆ ಇರುವ ಮೆದು ಕಬ್ಬಿಣದ ಪದರ ಕೊಟ್ಟು, ಹೊರಗಿನ ಉಕ್ಕಿನ ಕವಚಕ್ಕೆ ಸಣ್ಣ ತೂತು ಕೊರೆದು, ನುಸುಳಿದ ಹೈಡ್ರೋಜನ್ ಹೊರಗೆ ಹೋಗುವಂತೆ ಅವರು ಮಾಡಿದರು. ತೂತು ಕೊರೆಯುವ ಉಪಾಯ ಎಂದರೆ ಸಣ್ಣದೆನಿಸುತ್ತದೆ. ಆದರೆ ಅಧಿಕ ಒತ್ತಡದ ರಸಾಯನಶಾಸ್ತ್ರದ ಈ ಬಗೆಯ ಕೆಲಸಕ್ಕೇ 1931ರ ನೊಬೆಲ್‌ನಲ್ಲಿ ಬಾಷ್ ಪಾಲು ಪಡೆದರು. ಉದ್ಯಮದಲ್ಲಿ ‘ನಿಜವಾದ ವಿಜ್ಞಾನ’ ಇಲ್ಲ ಎನ್ನುವ ಸಹೋದ್ಯೋಗಿಗಳು ನಿಮ್ಮ ವಿಭಾಗದಲ್ಲೂ ಇರುತ್ತಾರೆ. ಅವರಿಗೂ ಹೇಳಿ.

ಮಾತ್ರೆಯ ಕಡೆಗೆ ಮರಳೋಣ. ಅದರಲ್ಲಿ ಔಷಧ ಎಷ್ಟಿದೆ ಎಂದು ಅಳೆಯುವ ವಿಧಾನ ರೂಪಿಸುವವರು ಒಂದು ಗುಂಪು. ಆ ವಿಧಾನವನ್ನು ದಿನವೂ ಬಳಸಿ ಬ್ಯಾಚ್ ಪರೀಕ್ಷಿಸುವ ಕ್ಯೂಸಿ (ಕ್ವಾಲಿಟಿ ಕಂಟ್ರೋಲ್) ಇನ್ನೊಂದು. ಎಲ್ಲವೂ ಬರೆದಿಟ್ಟ ನಿಯಮದಂತೆ ನಡೆಯಿತೇ ಎಂದು ಕಾಯುವ ಕ್ಯೂಎ (ಕ್ವಾಲಿಟಿ ಅಶ್ಯೂರೆನ್ಸ್) ಮತ್ತೊಂದು. ಕ್ಯೂಸಿ, ಕ್ಯೂಎ ಒಂದೇ ಎಂದು ಬಹಳ ವಿದ್ಯಾರ್ಥಿಗಳು ತಿಳಿದಿದ್ದಾರೆ. ಸಂದರ್ಶನದಲ್ಲಿ ಮೊದಲು ಎಡವುವುದು ಅಲ್ಲೇ. ಆಮೇಲೆ ಔಷಧ ನಿಯಂತ್ರಕರಿಗೆ ಕಡತ ಸಿದ್ಧಪಡಿಸುವ ರೆಗ್ಯುಲೇಟರಿ ವಿಭಾಗ, ರೋಗಿಗಳ ಮೇಲಿನ ಪ್ರಯೋಗ ನಡೆಸುವವರು, ಮಾರುಕಟ್ಟೆಗೆ ಬಂದ ಮೇಲೆ ಅಡ್ಡಪರಿಣಾಮಗಳ ವರದಿ ಪರಿಶೀಲಿಸುವವರು, ಪೇಟೆಂಟ್ ಬರೆಯುವವರು, ವೈದ್ಯಕೀಯ ಬರವಣಿಗೆಯವರು. ಲ್ಯಾಬಿನ ಯಂತ್ರ ಮಾರುವ ಕಂಪನಿಯಲ್ಲಿ ಅಪ್ಲಿಕೇಶನ್ ಸೈಂಟಿಸ್ಟ್ ಎಂಬ ಹುದ್ದೆ ಇರುತ್ತದೆ. ಗ್ರಾಹಕರ ಸ್ಯಾಂಪಲ್ ತಂದು ‘ನಮ್ಮ ಯಂತ್ರದಲ್ಲಿ ಇದು ಹೀಗೆ ಅಳೆಯಬಹುದು’ ಎಂದು ಮಾಡಿ ತೋರಿಸುವ ಕೆಲಸ. ಲ್ಯಾಬೂ ಬೇಕು, ಜನರ ಜತೆ ಮಾತೂ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯದು ಅಪರೂಪ. ಇದರ ಹೆಸರು ಕೇಳಿದ ವಿದ್ಯಾರ್ಥಿಗಳು ತೀರಾ ಕಡಿಮೆ.

ಭೌತಶಾಸ್ತ್ರದವರಿಗೆ ಮಾಪನ ಮತ್ತು ಕ್ಯಾಲಿಬ್ರೇಶನ್, ನಿರ್ವಾತ ತಂತ್ರ, ತೆಳುಪದರ, ದೃಗ್ವಿಜ್ಞಾನ, ಚಿಪ್ ತಯಾರಿಕೆಯ ಪ್ರಕ್ರಿಯೆ, ಆಸ್ಪತ್ರೆಯ ವಿಕಿರಣ ವಿಭಾಗ ಇವೆ. ಜೀವಶಾಸ್ತ್ರದವರಿಗೆ ಫರ್ಮೆಂಟೇಶನ್, ಕೋಶ ಕೃಷಿ, ರೋಗಪತ್ತೆ ಕಿಟ್‌ಗಳು. ಗಣಿತ, ಸಂಖ್ಯಾಶಾಸ್ತ್ರದವರಿಗೆ ಹೆಚ್ಚುಕಡಿಮೆ ಎಲ್ಲ ಕಡೆ ಬಾಗಿಲಿದೆ. ಆ ಮಕ್ಕಳು ಟಿ-ಪರೀಕ್ಷೆ (ಕೆಲವೇ ಅಳತೆಗಳ ಸರಾಸರಿಯಲ್ಲಿ ಕಂಡ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ನೋಡುವ ಲೆಕ್ಕ) ಕಲಿಯುವ ದಿನ ಒಂದು ಮಾತು ಹೇಳಲು ಅವರ ಅಧ್ಯಾಪಕರಿಗೆ ಒಪ್ಪಿಸಿ. ಪುಸ್ತಕದಲ್ಲಿ ಬರುವ ‘ಸ್ಟೂಡೆಂಟ್’ ಯಾರೋ ವಿದ್ಯಾರ್ಥಿಯಲ್ಲ. ಅವರು ವಿಲಿಯಂ ಸೀಲಿ ಗಾಸೆಟ್, 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಗೆ ಸೇರಿದವರು, ಓದಿದ್ದು ರಸಾಯನಶಾಸ್ತ್ರ ಮತ್ತು ಗಣಿತ. ಬಾರ್ಲಿ, ಹಾಪ್ಸ್ ಪರೀಕ್ಷೆಯಲ್ಲಿ ಕೈಗೆ ಸಿಗುತ್ತಿದ್ದದ್ದು ನಾಲ್ಕಾರು ಅಳತೆ ಮಾತ್ರ. ಆಗಿನ ಸಂಖ್ಯಾಶಾಸ್ತ್ರಕ್ಕೆ ನೂರಾರು ಬೇಕಿತ್ತು. ಕಂಪನಿ ಅವರನ್ನು 1906ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಅವರ ಲ್ಯಾಬಿಗೆ ಓದಲು ಕಳಿಸಿತು. 1908ರಲ್ಲಿ, ಕೆಲವೇ ಅಳತೆಗಳಿಂದ ತೀರ್ಮಾನಕ್ಕೆ ಬರುವ ಬಗ್ಗೆ ಅವರ ಲೇಖನ ಬಂತು. ಸ್ವಂತ ಹೆಸರು ಹಾಕಿಕೊಳ್ಳುವ ಹಾಗಿರಲಿಲ್ಲ, ಅದಕ್ಕೇ ಆ ಗುಪ್ತನಾಮ. ಕಾರ್ಖಾನೆಯ ತೊಂದರೆಯೊಂದು ವಿಶ್ವವಿದ್ಯಾಲಯಕ್ಕೆ ಹೋಗಿ, ಇವತ್ತಿನವರೆಗೆ ಎಲ್ಲ ವಿಜ್ಞಾನಗಳೂ ಬಳಸುವ ಸಾಧನವಾಗಿ ಬಂತು.

ಇನ್ನು ನಿಮ್ಮ ಪ್ರಯೋಗಾಲಯದ ತರಗತಿ. ನನ್ನ ಮಟ್ಟಿಗೆ ಅತಿ ಹೆಚ್ಚು ಬದಲಾವಣೆ ಆಗಬೇಕಾದ ಜಾಗ ಇದು, ಮತ್ತು ಪೂರ್ತಿ ನಿಮ್ಮ ಕೈಯಲ್ಲೇ ಇರುವುದು. ಹೊಸಬರು ಉದ್ಯಮದ ಲ್ಯಾಬಿಗೆ ಬಂದಾಗ ಅವರಿಗೆ ಕ್ರೊಮ್ಯಾಟೊಗ್ರಫಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ವಿಧಾನ) ಬರುವುದಿಲ್ಲ ಎನ್ನುವುದು ದೊಡ್ಡ ತಲೆನೋವಲ್ಲ, ಅದನ್ನು ಒಂದು ತಿಂಗಳಲ್ಲಿ ಕಲಿಸಬಹುದು. ಬಿಡಿಸಲು ಕಷ್ಟವಾಗುವುದು ಕಾಲೇಜಿನಲ್ಲಿ ಅಂಟಿಕೊಂಡ ಅಭ್ಯಾಸ. ರೀಡಿಂಗನ್ನು ಚೀಟಿಯಲ್ಲಿ ಗೀಚಿಕೊಂಡು ಮನೆಗೆ ಹೋಗಿ ರೆಕಾರ್ಡ್ ಪುಸ್ತಕದಲ್ಲಿ ಚೆಂದವಾಗಿ ಬರೆಯುವುದು. ಹೊಂದದ ರೀಡಿಂಗನ್ನು ಬಿಟ್ಟುಬಿಡುವುದು. ಉತ್ತರ ಮೊದಲೇ ಗೊತ್ತಿರುವುದರಿಂದ ಅದಕ್ಕೆ ತಕ್ಕಂತೆ ಅಂಕಿ ತಿದ್ದುವುದು. ಕಾಲೇಜಿನಲ್ಲಿ ಇದಕ್ಕೆ ಅಂಕ ಸಿಗುತ್ತದೆ. ಔಷಧ ಕಂಪನಿಯ ಲ್ಯಾಬಿನಲ್ಲಿ ಇದೇ ಕೆಲಸಕ್ಕೆ ನೌಕರಿ ಹೋಗುತ್ತದೆ, ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಕಂಪನಿಯ ರಫ್ತೇ ನಿಲ್ಲಬಹುದು.

ಆ ಲೋಕದಲ್ಲಿ ‘ಅಲ್ಕೋವಾ’ (ALCOA) ಎಂಬ, ಇಂಗ್ಲಿಷಿನ ಐದಕ್ಷರದ ಸೂತ್ರ ಎಲ್ಲರ ಬಾಯಲ್ಲಿದೆ. ದಾಖಲೆ ಯಾರು ಬರೆದದ್ದು ಎಂದು ಗೊತ್ತಾಗಬೇಕು, ಓದಲು ಬರಬೇಕು, ಕೆಲಸ ಮಾಡುವಾಗಲೇ ಬರೆದಿರಬೇಕು, ಮೂಲವೇ ಆಗಿರಬೇಕು, ನಿಖರವಾಗಿರಬೇಕು. ಇಷ್ಟೇ. ಮುಂದಿನ ಸೆಮಿಸ್ಟರಿನಿಂದ ಒಂದೇ ಪುಸ್ತಕ, ಪುಟಕ್ಕೆ ನಂಬರ್, ಪೆನ್ನಿನಲ್ಲೇ ಬರಹ ಎಂದು ಮಾಡಿಬಿಡಿ. ತಪ್ಪಾದರೆ ಅಂಕಿ ಕಾಣುವಂತೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಸರಿಯಾದದ್ದು, ಕಾರಣ, ಸಹಿ, ತಾರೀಖು. ಕೊಳಕಾದ, ಆದರೆ ಪ್ರಾಮಾಣಿಕವಾದ ಪುಟಕ್ಕೆ ಪೂರ್ತಿ ಅಂಕ ಕೊಡಿ. ಮೊದಲ ತಿಂಗಳು ಮಕ್ಕಳು ಗೊಣಗುತ್ತಾರೆ, ಸಹೋದ್ಯೋಗಿಗಳು ಅವರಿಗಿಂತ ಹೆಚ್ಚು ಗೊಣಗುತ್ತಾರೆ.

ಇದರ ಜತೆಗೆ ವರ್ಷಕ್ಕೆ ಎರಡು ಪ್ರಯೋಗಗಳ ಕ್ರಮವನ್ನು ನೀವು ಹೇಳಿಕೊಡಬೇಡಿ. ‘ಈ ನೀರಿನಲ್ಲಿ ಕ್ಲೋರೈಡ್ ಎಷ್ಟಿದೆ, ನಿಮ್ಮ ಉತ್ತರವನ್ನು ನಾನು ಯಾಕೆ ನಂಬಬೇಕು?’ ಎಂದಷ್ಟೇ ಕೇಳಿ. ಎರಡನೇ ಅರ್ಧವೇ ಮುಖ್ಯ. ಬ್ಲ್ಯಾಂಕ್, ಅಂದರೆ ಸ್ಯಾಂಪಲ್ ಇಲ್ಲದೆ ಅದೇ ಪರೀಕ್ಷೆ, ಮಾಡಿದಿರಾ? ಪ್ರಮಾಣ ಗೊತ್ತಿರುವ ದ್ರಾವಣವೊಂದನ್ನು ನಡುವೆ ಇಟ್ಟು ನೋಡಿದಿರಾ? ಬ್ಯೂರೆಟ್ಟಿನ ಅನಿಶ್ಚಿತತೆ ಎಷ್ಟು, ಅದು ಕೊನೆಯ ಅಂಕಿಯಲ್ಲಿ ಎಲ್ಲಿ ಕಾಣುತ್ತದೆ? ಆಮೇಲೆ ಒಬ್ಬಳು ಬರೆದ ಕ್ರಮದ ಹಾಳೆಯನ್ನು ಇನ್ನೊಬ್ಬನಿಗೆ ಕೊಟ್ಟು, ಮಾತಾಡದೆ ಅದನ್ನಷ್ಟೇ ಓದಿಕೊಂಡು ಮಾಡಿಸಿ. ಎಲ್ಲಿ ಅವನು ತಡವರಿಸುತ್ತಾನೋ ಅಲ್ಲಿ ಬರವಣಿಗೆ ಸೋತಿದೆ. ಉದ್ಯಮದಲ್ಲಿ ಎಸ್‌ಒಪಿ (ಕೆಲಸದ ಲಿಖಿತ ಕ್ರಮ) ಎನ್ನುವುದು ಇದಕ್ಕೇ. ಪರೀಕ್ಷಾ ಲ್ಯಾಬುಗಳ ಸಾಮರ್ಥ್ಯಕ್ಕೆ ಜಗತ್ತಿನಾದ್ಯಂತ ಮಾನದಂಡವಾಗಿರುವ ಐಎಸ್‌ಒ 17025 ಕೇಳುವ ಪ್ರಶ್ನೆಗಳೂ ಬಹುಮಟ್ಟಿಗೆ ಇವೇ. ಇಂಥ ಎರಡು ಪ್ರಯೋಗ ಮಾಡಿದ ವಿದ್ಯಾರ್ಥಿ ಸಂದರ್ಶನದಲ್ಲಿ ಹತ್ತು ನಿಮಿಷ ತಡವರಿಸದೆ ಮಾತಾಡುತ್ತಾಳೆ, ಮಾತಾಡಲು ಸರಕಿರುತ್ತದೆ.

ಪರಿಚಯಸ್ಥರಿಲ್ಲ ಎಂದಿದ್ದೀರಿ. ನಿಮಗಿದ್ದಾರೆ, ಪಟ್ಟಿ ಮಾಡಿಲ್ಲ ಅಷ್ಟೆ. ಎರಡರಿಂದ ಐದು ವರ್ಷದ ಹಿಂದೆ ಓದು ಮುಗಿಸಿದ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ. ಮೊದಲ ನೌಕರಿಯ ನೆನಪು ಅವರಿಗೆ ಹಸಿಯಾಗಿರುತ್ತದೆ, ತಂಡಕ್ಕೆ ಹೊಸಬರು ಬೇಕಾದಾಗ ಮೇಲಿನವರು ಮೊದಲು ಕೇಳುವುದೂ ಅವರನ್ನೇ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಸಣ್ಣ ಸಮೀಕ್ಷೆ ಬರುತ್ತದೆ. ಪರಿಚಯದವರ ಮೂಲಕ ಹೊಸ ಕೆಲಸ ಹಿಡಿದವರಲ್ಲಿ, ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ. 17ಕ್ಕೂ ಕಡಿಮೆ. ಮಿಕ್ಕವರಿಗೆಲ್ಲ ಸುದ್ದಿ ಬಂದದ್ದು ಯಾವಾಗಲೋ ಒಮ್ಮೆ ಸಿಗುವವರಿಂದ. ಕಾರಣ ಸರಳ: ಆಪ್ತ ಗೆಳೆಯರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರು ಬೇರೆ ಲೋಕದಲ್ಲಿರುತ್ತಾರೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲಿನ ಪ್ರಯೋಗದ ವರದಿ ಬಂತು. ಅದು ಈ ಮಾತನ್ನು ಎತ್ತಿಹಿಡಿಯಿತು, ಒಂದು ತಿದ್ದುಪಡಿಯೊಂದಿಗೆ: ಹೆಚ್ಚು ನೆರವಾಗುವುದು ತೀರಾ ಅಪರಿಚಿತರಲ್ಲ, ಸ್ವಲ್ಪಮಟ್ಟಿಗೆ ಗೊತ್ತಿರುವವರು. ಒಂದೇ ವಿಭಾಗದಲ್ಲಿ ಓದಿದ, ಮೂರು ವರ್ಷ ಸೀನಿಯರ್ ಆದ ಅಕ್ಕನೋ ಅಣ್ಣನೋ ಸರಿಯಾಗಿ ಈ ಅಳತೆಗೆ ಹೊಂದುತ್ತಾರೆ.

ಅವರಿಗೆ ಏನು ಬರೆಯಬೇಕು ಎನ್ನುವುದು ಮಕ್ಕಳಿಗೆ ಗೊತ್ತಿರುವುದಿಲ್ಲ. ‘ಸರ್, ಯಾವುದಾದರೂ ವೇಕೆನ್ಸಿ ಇದ್ದರೆ ತಿಳಿಸಿ’ ಎಂದು ರೆಸ್ಯೂಮೆ ಅಂಟಿಸಿ ಕಳಿಸುತ್ತಾರೆ. ಅದಕ್ಕೆ ಉತ್ತರ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹೀಗೆ ಬರೆಸಿ ನೋಡಿ:

‘ನಮಸ್ಕಾರ ಮೇಡಂ. ನೀವು ಓದಿದ ವಿಭಾಗದಲ್ಲೇ ಕೊನೆಯ ವರ್ಷದಲ್ಲಿದ್ದೇನೆ. ನೀವು ರೆಗ್ಯುಲೇಟರಿ ವಿಭಾಗದಲ್ಲಿದ್ದೀರಿ ಎಂದು ನಮ್ಮ ಟೀಚರ್ ಹೇಳಿದರು. ಆ ಕೆಲಸದ ಬಗ್ಗೆ ಒಂದಷ್ಟು ಓದಿದ್ದೇನೆ, ಆದರೆ ದಿನದ ಕೆಲಸ ಹೇಗಿರುತ್ತದೆ ಎಂದು ತಿಳಿಯಲಿಲ್ಲ. ನಿಮಗೆ ಬಿಡುವಾದಾಗ ಇಪ್ಪತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದೇ? ನೌಕರಿ ಕೇಳಲು ಅಲ್ಲ, ತಿಳಿದುಕೊಳ್ಳಲು. ಈ ತಿಂಗಳು ಆಗದಿದ್ದರೆ ಮುಂದಿನ ತಿಂಗಳಾದರೂ ಸರಿ.’

ಮಾತಿಗೆ ಸಿಕ್ಕಾಗ ‘ನಿಮ್ಮ ಕೆಲಸ ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ. ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ ಎಂದು ಕೇಳಬೇಕು. ಬೇಸರ ತರಿಸುವ ಭಾಗ ಯಾವುದು, ಹೊಸಬರು ಮೊದಲ ಆರು ತಿಂಗಳು ಎಲ್ಲಿ ಎಡವುತ್ತಾರೆ, ಇಲ್ಲಿಂದ ಜನ ಮುಂದೆ ಯಾವ ಕೆಲಸಕ್ಕೆ ಹೋಗುತ್ತಾರೆ. ಕೊನೆಗೆ ‘ಇನ್ನು ಯಾರ ಜತೆ ಮಾತಾಡಲಿ?’ ಎನ್ನುವುದನ್ನು ಮರೆಯಬಾರದು. ಒಂದು ವಾರದೊಳಗೆ ಎರಡು ಸಾಲಿನ ಕೃತಜ್ಞತೆಯ ಪತ್ರ. ಕೇಳಿದ್ದನ್ನು ಒಂದು ಪುಟದಲ್ಲಿ ಬರೆದು ವಿಭಾಗದ ಕಡತಕ್ಕೆ ಹಾಕಲಿ. ಎರಡು ವರ್ಷದಲ್ಲಿ ಆ ಕಡತವೇ ನಿಮ್ಮ ಕಾಲೇಜಿನ ಅತ್ಯುತ್ತಮ ವೃತ್ತಿ ಮಾರ್ಗದರ್ಶಿ ಆಗಿರುತ್ತದೆ. ಮಾತಾಡಿದವರು ಒಪ್ಪಿದ್ದನ್ನು ಮಾತ್ರ ಅದರಲ್ಲಿ ಬರೆಯಬೇಕು ಎನ್ನುವುದನ್ನು ಮೊದಲೇ ಹೇಳಿಬಿಡಿ.

ಮುಂದಿನ ಮೆಟ್ಟಿಲು ಉದ್ಯಮದ ಜತೆ ಪ್ರಾಜೆಕ್ಟ್. ದೊಡ್ಡ ಕಂಪನಿಗಳ ಹಿಂದೆ ಓಡಬೇಡಿ, ಅಲ್ಲಿ ಒಂದು ಸಹಿಗೆ ಆರು ತಿಂಗಳು ಬೇಕು. ಮೂವತ್ತು, ನಲವತ್ತು ಮಂದಿ ಇರುವ ಘಟಕಕ್ಕೆ ಹೋಗಿ: ಬಣ್ಣ, ಅಂಟು, ಲೇಪನ, ಆಹಾರ ಪದಾರ್ಥ, ನೀರಿನ ಪರೀಕ್ಷೆ, ಉಪಕರಣ ರಿಪೇರಿ. ಅವರಿಗೆ ಉತ್ತರ ಬೇಕಾದ ಪ್ರಶ್ನೆಗಳು ಬೇಕಾದಷ್ಟಿರುತ್ತವೆ, ಮಾಡಲು ಕೈಗಳಿರುವುದಿಲ್ಲ. ‘ನಮ್ಮ ಮಕ್ಕಳಿಗೆ ಇಂಟರ್ನ್‌ಶಿಪ್ ಕೊಡಿ’ ಎಂದರೆ ಅದು ಅವರಿಗೆ ಹೊರೆ. ‘ನಿಮಗೆ ತಲೆ ತಿನ್ನುತ್ತಿರುವ, ಆದರೆ ಅವಸರವಿಲ್ಲದ ಒಂದು ಪ್ರಶ್ನೆ ಹೇಳಿ’ ಎಂದರೆ ಕುರ್ಚಿ ಎಳೆದು ಕೂರಿಸುತ್ತಾರೆ. ಅವಸರವಿಲ್ಲದ ಎನ್ನುವುದು ಮುಖ್ಯ. ನಾಳೆ ಸರಕು ಹೋಗಬೇಕಾದ ಕೆಲಸವನ್ನು ವಿದ್ಯಾರ್ಥಿಗೆ ಒಪ್ಪಿಸಿದರೆ ಇಬ್ಬರಿಗೂ ಕೆಡುತ್ತದೆ. ಎರಡು ಬಗೆಯ ತೊಳೆಯುವ ದ್ರಾವಣಗಳ ಹೋಲಿಕೆ, ಐದು ವರ್ಷದ ಕ್ಯೂಸಿ ಅಂಕಿಗಳನ್ನು ಗ್ರಾಫಿಗೆ ಹಾಕಿ ಎಲ್ಲಿ ಜಾರುತ್ತಿದೆ ಎಂದು ನೋಡುವುದು, ಒಂದು ಪರೀಕ್ಷಾ ವಿಧಾನದ ಅನಿಶ್ಚಿತತೆ ಲೆಕ್ಕ ಹಾಕುವುದು ಇಂಥವು ಮೂರು ತಿಂಗಳಿಗೆ ಹದವಾಗಿರುತ್ತವೆ. ಹಳೆಯ ಅಂಕಿಗಳ ಕೆಲಸವನ್ನು ಕೀಳಾಗಿ ನೋಡಬೇಡಿ. ಅಂಥದ್ದರಲ್ಲಿ ಹುಡುಗರು ಕಂಪನಿಗೇ ಗೊತ್ತಿಲ್ಲದ ಸಂಗತಿ ಹೆಕ್ಕಿ ಕೊಟ್ಟದ್ದನ್ನು ನೋಡಿದ್ದೇನೆ.

ಕೆಲಸ ಶುರುವಾಗುವ ಮುಂಚೆ ಒಂದು ಪುಟದ ಒಪ್ಪಂದ ಇರಲಿ. ಗುಟ್ಟಾಗಿಡಬೇಕಾದದ್ದು ಯಾವುದು, ಪ್ರಾಜೆಕ್ಟ್ ವರದಿಯನ್ನು ಪರೀಕ್ಷೆಗೆ ಸಲ್ಲಿಸಬಹುದೇ, ಸುರಕ್ಷತೆಗೆ ಯಾರು ಹೊಣೆ, ಖರ್ಚು ಮತ್ತು ಭತ್ಯೆ ಯಾರದು, ಕಂಪನಿಯ ಕಡೆಯಿಂದ ವಾರಕ್ಕೊಮ್ಮೆ ಮಾತಾಡುವವರು ಯಾರು. ಹೊಸದೇನಾದರೂ ಸಿಕ್ಕರೆ ಪೇಟೆಂಟ್ ಅರ್ಜಿಗೆ ಮುಂಚೆ ಪ್ರಕಟಿಸುವ ಹಾಗಿಲ್ಲ. ಬಹುತೇಕ ದೇಶಗಳಲ್ಲಿ ಮೊದಲೇ ಬಹಿರಂಗವಾದದ್ದು ಹೊಸದಾಗಿ ಉಳಿಯುವುದಿಲ್ಲ. ಕಂಪನಿ ಪರಿಶೀಲಿಸಲು ಇಷ್ಟು ವಾರ ಎಂದು ಮಿತಿ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಹುಡುಗಿಯ ಪದವಿಯೇ ನಿಂತುಬಿಡುತ್ತದೆ. ಇನ್ನೊಂದು ವಿಷಯದಲ್ಲಿ ಗಟ್ಟಿಯಾಗಿರಿ. ಪ್ರಶ್ನೆಯೂ ಇಲ್ಲದೆ, ಕಲಿಸುವವರೂ ಇಲ್ಲದೆ ಮೂರು ತಿಂಗಳು ಬಾಟಲಿಗೆ ಚೀಟಿ ಅಂಟಿಸುವುದು ಇಂಟರ್ನ್‌ಶಿಪ್ ಅಲ್ಲ, ಪುಕ್ಕಟೆ ಕೂಲಿ. ಅಂಥ ಕಡೆಗೆ ಎರಡನೇ ಸಲ ಮಕ್ಕಳನ್ನು ಕಳಿಸಬೇಡಿ, ಆ ಕಂಪನಿಯ ಹೆಸರು ಎಷ್ಟೇ ದೊಡ್ಡದಿರಲಿ.

ಈಗ ಪಿಎಚ್‌ಡಿ ಪ್ರಶ್ನೆ. ಅಮೆರಿಕದ ಔಷಧ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ಹೆಸರು ಹೇಳಿ. ಸ್ನಾತಕೋತ್ತರ ಪದವಿಯವರು. ಮೊದಮೊದಲು ಸಿಕ್ಕ ಕೆಲಸಗಳಲ್ಲಿ ಒಂದು ಆಹಾರ ಕಂಪನಿಯ ಗುಣಮಟ್ಟ ಪರೀಕ್ಷೆ: ಉಪ್ಪಿನಕಾಯಿಯ ಆಮ್ಲೀಯತೆ, ಮೇಯನೇಸಿಗೆ ಹಾಕುವ ಮೊಟ್ಟೆಯ ಹಳದಿಯ ಬಣ್ಣ ನೋಡುವುದು. 1944ರಲ್ಲಿ ಔಷಧ ತಯಾರಿಸುವ ಬರೋಸ್ ವೆಲ್‌ಕಮ್ ಕಂಪನಿಗೆ ಸೇರಿ ಜಾರ್ಜ್ ಹಿಚಿಂಗ್ಸ್ ಜತೆ ಕೆಲಸ ಮಾಡಿದರು. ಸಂಜೆ ತರಗತಿಯಲ್ಲಿ ಪಿಎಚ್‌ಡಿ ಶುರು ಮಾಡಿದ್ದರು. ಪೂರ್ಣಾವಧಿ ಬರಬೇಕು ಎಂದಾಗ ನೌಕರಿ ಬಿಡಲೊಪ್ಪದೆ ಓದನ್ನು ಕೈಬಿಟ್ಟರು. ರಕ್ತದ ಕ್ಯಾನ್ಸರಿಗೆ ಇಂದಿಗೂ ಬಳಸುವ 6-ಮರ್‌ಕ್ಯಾಪ್ಟೊಪ್ಯೂರಿನ್ ಅವರ ಕೆಲಸದ ಫಲ, 1988ರ ವೈದ್ಯಕೀಯ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು. ಜಪಾನಿನ ಕೊಯಿಚಿ ತನಾಕಾ ವಿದ್ಯುತ್ ಎಂಜಿನಿಯರಿಂಗ್ ಪದವೀಧರರು, ಶಿಮಾಡ್ಜು ಉಪಕರಣ ಕಂಪನಿಯ ನೌಕರರು. ಪ್ರೋಟೀನಿನಂಥ ದೊಡ್ಡ ಅಣುಗಳನ್ನು ಮುರಿಯದೆ ಲೇಸರಿನಿಂದ ಅಯಾನಾಗಿಸಿ ತೂಗುವ ವಿಧಾನಕ್ಕೆ 2002ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಇಷ್ಟು ಹೇಳಿದ ಮೇಲೆ ಇವರು ವಿರಳರು ಎನ್ನುವುದನ್ನೂ ಹೇಳಲೇಬೇಕು. ಹೊಸ ಅಣು, ಹೊಸ ವಸ್ತು ಹುಡುಕುವ ಸಂಶೋಧನಾ ತಂಡವನ್ನು ಮುನ್ನಡೆಸುವ ಹುದ್ದೆಗೆ ಸಾಮಾನ್ಯವಾಗಿ ಪಿಎಚ್‌ಡಿ ಕೇಳುತ್ತಾರೆ, ಅದಿಲ್ಲದವರಿಗೆ ಅಲ್ಲಿ ಒಂದು ಹಂತದ ಮೇಲೆ ಏರುವುದು ಕಷ್ಟ. ಕ್ಯೂಸಿ, ಕ್ಯೂಎ, ಉತ್ಪಾದನೆ, ರೆಗ್ಯುಲೇಟರಿ, ಅಪ್ಲಿಕೇಶನ್, ಮಾರಾಟ ಇವುಗಳಲ್ಲಿ ಹಾಗಿಲ್ಲ. ಅಲ್ಲಿ ಐದು ವರ್ಷದ ಅನುಭವಕ್ಕೇ ತೂಕ ಜಾಸ್ತಿ. ಯಾವ ಪ್ರಶ್ನೆಯ ಬೆನ್ನು ಹತ್ತಬೇಕು ಎಂದು ಗೊತ್ತಿದ್ದವರು ಪಿಎಚ್‌ಡಿ ಮಾಡಲಿ. ಏನು ಮಾಡಬೇಕೆಂದು ತೋಚದೆ ನಾಲ್ಕೈದು ವರ್ಷ ಮುಂದೂಡಲು ಮಾಡುವವರು ಹೊರಬಂದಾಗ ಅದೇ ಪ್ರಶ್ನೆ ಎದುರಿಗೆ ನಿಂತಿರುತ್ತದೆ, ವಯಸ್ಸು ಮಾತ್ರ ಹೆಚ್ಚಾಗಿರುತ್ತದೆ. ಎರಡನ್ನೂ ಸೇರಿಸುವ ದಾರಿಯೂ ಕೆಲವೆಡೆ ಉಂಟು. ಡೆನ್ಮಾರ್ಕಿನಲ್ಲಿ ಔದ್ಯಮಿಕ ಪಿಎಚ್‌ಡಿ ಎಂಬ ವ್ಯವಸ್ಥೆಯಿದೆ. ವಿದ್ಯಾರ್ಥಿ ಕಂಪನಿಯ ನೌಕರನಾಗಿರುತ್ತಾನೆ, ವಿಶ್ವವಿದ್ಯಾಲಯದಲ್ಲಿ ನೋಂದಣಿಯಾಗಿರುತ್ತಾನೆ, ಮೂರು ವರ್ಷ ಎರಡೂ ಕಡೆ ಮಾರ್ಗದರ್ಶಕರು.

ರೆಸ್ಯೂಮೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಎಚ್‌ಪಿಎಲ್‌ಸಿ ಗೊತ್ತು’ (ಅದು ಕ್ರೊಮ್ಯಾಟೊಗ್ರಫಿಯ ಒಂದು ಬಗೆ) ಎಂಬ ಸಾಲನ್ನು ಹೊಡೆದುಹಾಕಿಸಿ. ಯಾವ ಸ್ಯಾಂಪಲ್, ಎಷ್ಟು ಸಲ ಮಾಡಿದ್ದು, ಪುನರಾವರ್ತನೆಯಲ್ಲಿ ಎಷ್ಟು ವ್ಯತ್ಯಾಸ ಬಂತು, ಎಲ್ಲಿ ಕೈಕೊಟ್ಟಿತು ಎಂದು ಬರೆಸಿ. ಯಂತ್ರವನ್ನು ದೂರದಿಂದ ನೋಡಿದ್ದಷ್ಟೇ ಆದರೆ ‘ನೋಡಿದ್ದೇನೆ’ ಎಂದೇ ಇರಲಿ, ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ದುಡ್ಡು ಕಟ್ಟಿಸಿಕೊಂಡು ‘ನೂರಕ್ಕೆ ನೂರು ಪ್ಲೇಸ್‌ಮೆಂಟ್’ ಎನ್ನುವ ತರಬೇತಿ ಸಂಸ್ಥೆಗಳ ಬಗ್ಗೆಯೂ ಎಚ್ಚರಿಸಿ. ಹೋದ ವರ್ಷ ಅಲ್ಲಿ ಕಲಿತು ಈಗ ನೌಕರಿಯಲ್ಲಿರುವ ಮೂವರ ಜತೆ ಮಾತಾಡಿಸಿ ಎಂದು ಕೇಳಲಿ. ಆಗದು ಎಂದರೆ ಎದ್ದು ಬರಲಿ.

ನಿಮ್ಮ ಕೊನೆಯ ಅಳುಕು, ‘ನನಗೂ ಉದ್ಯಮದ ಅನುಭವವಿಲ್ಲ’ ಎಂಬುದು. ಅದಕ್ಕೆ ಉಪಾಯವಿದೆ, ಮಕ್ಕಳಿಗಿಂತ ಮೊದಲು ನೀವು ಹೋಗಿ. ರಜೆಯಲ್ಲಿ ಎರಡು ವಾರ ಯಾವುದಾದರೂ ಪರೀಕ್ಷಾ ಲ್ಯಾಬಿನಲ್ಲಿ ಕುಳಿತು ನೋಡಲು ಅವಕಾಶ ಕೇಳಿ. ಯಂತ್ರ ಮುಟ್ಟುವುದಿಲ್ಲ, ಗ್ರಾಹಕರ ಹೆಸರು ನೋಡುವುದಿಲ್ಲ, ಬೇಕಿದ್ದರೆ ಗೋಪ್ಯತೆಯ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದು ಮೊದಲೇ ಬರೆಯಿರಿ. ಬದಲಿಗೆ ಅವರ ಹೊಸಬರಿಗೆ ಟೈಟ್ರೇಶನ್ನಿನ ಅಥವಾ ದೋಷ ಲೆಕ್ಕಾಚಾರದ ಮೂಲಪಾಠವನ್ನು ಒಂದೆರಡು ಮಧ್ಯಾಹ್ನ ಮಾಡಿಕೊಡುತ್ತೇನೆ ಎನ್ನಿ. ಇದಕ್ಕೆ ಒಪ್ಪುವ ಲ್ಯಾಬುಗಳು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು, ಯಾಕೆಂದರೆ ಅದನ್ನು ಕಲಿಸಲು ಅವರಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಪತ್ರವನ್ನು ಮಾನವ ಸಂಪನ್ಮೂಲ ವಿಭಾಗಕ್ಕೆ ಕಳಿಸಬೇಡಿ, ಲ್ಯಾಬಿನ ಮುಖ್ಯಸ್ಥರ ಹೆಸರು ತಿಳಿದುಕೊಂಡು ನೇರ ಅವರಿಗೇ ಕಳಿಸಿ. ಹತ್ತು ಕಡೆ ಬರೆದರೆ ಒಂದೋ ಎರಡೋ ಕಡೆಯಿಂದ ಉತ್ತರ ಬಂದರೂ ಸಾಕು, ಎರಡು ವಾರಕ್ಕೆ ಒಂದೇ ಲ್ಯಾಬ್ ತಾನೆ ಬೇಕಿರುವುದು.